ಮುಸ್ತಕೀಂ ಉಸ್ತಾದರ ಅರ್ಜಿ

ಸೈಯದ್‌ಪುರ
೨೬ ಫೆಬ್ರವರಿ ೧೯೭೨

ಬಾಬಾ,

ದ್ರೋಹಿ ನಾನಲ್ಲ. ಮೊದಲು ಅದನ್ನ ತಿಳ್ಕೊಳ್ಳಿ, ಆಮೇಲೆ ಮಿಕ್ಕಿದ್ದು ಓದಿ. ನನ್ನ ಮುಖ ನೋಡಿ ಹೇಳೋಕೆ ನಿಮಗೆ ಆಗಲಿಲ್ಲ, ಕಾಗದದಲ್ಲಿ ಬರೆಯೋಕೂ ಆಗಲಿಲ್ಲ. ಹಶ್ಮತ್ ಕಾಕಾನ ಬಾಯಲ್ಲಿಟ್ಟು ಕಳಿಸಿದ್ರಿ. ನಿಮ್ಮ ಪಕ್ಷದ ಚೀಲ ಹೊರೋ ಮನುಷ್ಯ ಈ ಮಾತನ್ನೂ ಹೊತ್ಕೊಂಡು ಬಂದ. ಕಾರ್ಖಾನೆ ಗೇಟಲ್ಲಿ, ಲೇತಿನವರು, ಭಟ್ಟಿಯವರು ಎಲ್ಲ ಪಾಳಿ ಮುಗಿಸಿ ಹೊರಗೆ ಬರ್ತಿರೋವಾಗ ಕೂಗಿ ಹೇಳಿದ. ಯಾರೂ ನಗಲಿಲ್ಲ. ನಕ್ಕಿದ್ರೆ ಚೆನ್ನಾಗಿತ್ತು.

ಇಪ್ಪತ್ತೊಂದನೇ ತಾರೀಕು ನಡೆದದ್ದು ಇಷ್ಟು. ನಾನೂ ಎಲ್ಲರ ಹಾಗೆ ಬೆಳಗಿನ ಮೆರವಣಿಗೆಗೆ ಬಂದಿದ್ದೆ, ಬರಿಗಾಲಲ್ಲಿ, ಕೈಯಲ್ಲಿ ಚೆಂಡುಹೂವು. ಬಾಂಗ್ಲಾ ಭಾಷೆಗೋಸ್ಕರ ಗುಂಡು ತಿಂದ ಹುಡುಗರ ದಿನ ಅದು. ಪ್ರತಿ ವರ್ಷ ಬರ್ತೀನಿ. ಈ ವರ್ಷ ದೇಶ ನಮ್ಮದೇ ಆಯ್ತಲ್ಲ, ಜನ ಹೆಚ್ಚಿದ್ರು. ಸ್ಕೂಲಿನ ಹತ್ರ ನೀವು ಹೂವಿನ ರಾಶಿ ಮುಂದೆ ನಿಂತಿದ್ರಿ. ಭಾಷಾ ಸೈನಿಕ ತಸದ್ದುಕ್ ಮಾಸ್ಟರ್, ಹೊಸ ಸಂವಿಧಾನ ಬರೆಯಲಿರೋ ಗಣಪರಿಷತ್ತಿನ ಸದಸ್ಯರು. ನಾನು ಅಲ್ಲೀವರೆಗೆ ಬರಲೇ ಇಲ್ಲ. ಜೈಲಿನ ತಿರುವಲ್ಲಿ ನಿಂತುಬಿಟ್ಟೆ. ಗೋಡೆಗೆ ಮುಖ ಮಾಡಿ ಉರ್ದುವಿನಲ್ಲಿ ಕೂಗಿದೆ: ‘ಉಸ್ತಾದ್, ಔಷಧಿ ತಗೊಂಡ್ರಾ?’

ಇದೇ ತಾನೇ ನನ್ನ ಅಪರಾಧ?

ಹಿಂದೆ ಬರ್ತಿದ್ದವನೊಬ್ಬ, ‘ಇವತ್ತಿನ ದಿನ! ಈ ಬಾಯಲ್ಲಿ!’ ಅಂದ. ಹಾಡ್ತಿದ್ದವರು ನಿಲ್ಲಿಸಿದ್ರು. ಆ ನಿಶ್ಶಬ್ದದಲ್ಲಿ ಒಳಗಿಂದ ಕೆಮ್ಮು ಕೇಳಿಸ್ತು, ಆಮೇಲೆ ಉಸ್ತಾದರ ಗಂಟಲು: ‘ತಗೊಂಡೆ ಕಣೋ. ಇವತ್ತು ಬರಿಗಾಲಿನ ದಿನ ಅಲ್ವಾ? ಮನೆಗೆ ಹೋಗಿ ಬಿಸಿನೀರಲ್ಲಿ ಕಾಲಿಡು, ಕತ್ತೆ.’

ನಿಮ್ಮ ದಿನ ಯಾವುದು ಅಂತ ಅವರಿಗೆ ಗೊತ್ತಿತ್ತು ಬಾಬಾ. ಅವರ ಕಷ್ಟ ಏನು ಅಂತ ನಿಮಗೆ ಗೊತ್ತಿಲ್ಲ.

ಮರೆತಿದ್ರೆ ನೆನಪು ಮಾಡ್ತೀನಿ. ಮಿಲಿಟರಿಯವರು ನಿಮ್ಮನ್ನ ಹಿಡ್ಕೊಂಡು ಹೋದಾಗ ನನಗೆ ಎಂಟು. ಅಮ್ಮ ಸತ್ತಾಗ ಹನ್ನೊಂದು. ಐದನೇ ಕ್ಲಾಸಿನ ಪುಸ್ತಕ ಮಾರಿ ಅಮ್ಮನಿಗೆ ಕಫನ್ ಬಟ್ಟೆ ತಂದೆ. ನಿಮ್ಮ ಪಕ್ಷದವರು ಒಬ್ಬರೂ ಬರಲಿಲ್ಲ, ಹೆದರಿಕೆ. ಬಂದದ್ದು ಮುಸ್ತಕೀಂ ಉಸ್ತಾದ್. ಜಮಾಲ್‌ಪುರದಿಂದ ದೇಶ ಒಡೆದಾಗ ಬಂದ ಬಿಹಾರಿ, ಲೇತ್ ಕೆಲಸದವರು. ಕೈ ಹಿಡ್ಕೊಂಡು ಮನೆಗೆ ಕರ್ಕೊಂಡು ಹೋದ್ರು. ಅವರ ಹೆಂಡತಿ ಕನೀಜ್ ಚಾಚಿ ಕಡಲೆಹಿಟ್ಟು ತುಂಬಿದ ರೊಟ್ಟಿ ಕೊಟ್ಟಳು. ಒಂದು ವರ್ಷ ಅವರ ಮಗನ ಹಾಗೇ ಇದ್ದೆ. ನೀವು ಬಿಡುಗಡೆಯಾಗಿ ಬಂದು ಬಾಗಿಲು ತಟ್ಟಿದಾಗ ನಾನೇ ತೆಗೆದೆ. ಗಡ್ಡ ಬಿಟ್ಟಿದ್ರಿ, ಗುರುತು ಸಿಗಲಿಲ್ಲ. ‘ಯಾರು ನೀವು?’ ಅಂತ ಉರ್ದುವಿನಲ್ಲಿ ಕೇಳಿದೆ. ನೀವು ಕೆನ್ನೆಗೆ ಬಾರಿಸಿದ್ರಿ.

ಹೋದ ವರ್ಷ ಪಾಕಿಸ್ತಾನದ ಸೈನ್ಯದವರು, ಅವರ ಜೊತೆ ಸೇರಿದ ಬಿಹಾರಿಗಳು ಬಂಗಾಳಿಗಳ ಮನೆ ಮನೆ ಹುಡುಕಿ ಕೊಲ್ತಿದ್ದಾಗ ನೀವು ಗಡಿಯಾಚೆ ಕಲ್ಕತ್ತೆಯಲ್ಲಿದ್ರಿ. ನಾನು ಉಸ್ತಾದರ ಮನೆಯಲ್ಲಿದ್ದೆ. ಕತ್ತಿ ಹಿಡಿದವರು ಬಂದ್ರು. ಉಸ್ತಾದ್ ಬಾಗಿಲಿಗೆ ಅಡ್ಡ ಕೂತು, ‘ನನ್ನ ತಂಗಿ ಮಗ’ ಅಂದ್ರು. ‘ಮಾತಾಡಿಸ್ರೋ ಅವನನ್ನ’ ಅಂದ ಒಬ್ಬ. ಮಾತಾಡಿದೆ. ಜಮಾಲ್‌ಪುರದ ಕಡೆಯ ಉರ್ದು, ಬೈಗುಳ ಸಮೇತ. ಬಿಟ್ಟು ಹೋದ್ರು.

ಈಗ ಅವರು ಜೈಲಲ್ಲಿ. ಅವರ ಮನೆ ಮೇಲೆ ಕಣ್ಣಿಟ್ಟ ಬಜಾರಿನವನೊಬ್ಬ, ಇವರೇ ಸೈನ್ಯಕ್ಕೆ ಬಂಗಾಳಿಗಳ ಮನೆ ತೋರಿಸಿಕೊಟ್ಟದ್ದು ಅಂತ ದೂರು ಕೊಟ್ಟಿದಾನೆ. ಸುಳ್ಳು. ಚಾಚಿ ಬಿಹಾರಿಗಳನ್ನ ಕೂಡಿಟ್ಟ ಕ್ಯಾಂಪಲ್ಲಿದಾಳೆ. ಠಾಣೆಯವರು ನೇರವಾಗಿ ಹೇಳಿದ್ರು: ‘ಮಾಸ್ಟರ್ ಸಾಹೇಬರು ಎರಡು ಸಾಲು ಬರೆದುಕೊಟ್ರೆ ನಾಳೇನೇ ಬಿಡ್ತೀವಿ.’ ಉಸ್ತಾದ್ ತಾವೇ ಅರ್ಜಿ ಬರೆದು ಈ ತಿಂಗಳ ಎರಡನೇ ತಾರೀಕು ನಿಮಗೆ ಕಳಿಸಿದಾರೆ. ಉತ್ತರ ಇಲ್ಲ.

ಎರಡು ಸಾಲು, ಒಂದು ಸಹಿ. ನನ್ನನ್ನ ಆಮೇಲೆ ಏನು ಬೇಕಾದ್ರೂ ಅನ್ನಿ.

ಬಾದಲ್


ಢಾಕಾ, ಸದಸ್ಯರ ಹಾಸ್ಟೆಲ್
ಫಾಲ್ಗುಣ ೧೩೭೮ / ೧೦ ಮಾರ್ಚ್ ೧೯೭೨

ಚಿರಂಜೀವಿ ಬಾದಲ್‌ಗೆ ತಂದೆಯ ದುವಾ.

ನಿನ್ನ ಕಾಗದ ತಲುಪಿತು. ಕೋಪವನ್ನು ಬದಿಗಿಟ್ಟು ಓದಿದರೆ ಚೆನ್ನಾಗಿಯೇ ಬರೆಯುತ್ತೀಯೆ. ಹನ್ನೊಂದು ಕಡೆ ಕಾಗುಣಿತ ತಪ್ಪಿದೆ, ಅದು ನಿನ್ನ ತಪ್ಪಲ್ಲ.

ಹಶ್ಮತ್‌ನ ಹತ್ತಿರ ನಾನು ಹೇಳಿದ್ದು, ಹುಡುಗ ದಾರಿ ತಪ್ಪದಂತೆ ನೋಡಿಕೋ ಎಂದು. ಅವನ ಬಾಯಲ್ಲಿ ಅದು ಬೇರೆಯಾಗಿರಬೇಕು. ಅವನನ್ನು ವಿಚಾರಿಸುತ್ತೇನೆ.

ಮುಸ್ತಕೀಂ ಮಿಯಾ ಅವರ ಅರ್ಜಿ ನನಗೆ ತಲುಪಿಲ್ಲ. ಇಲ್ಲಿಗೆ ದಿನಕ್ಕೆ ನೂರಾರು ಕಾಗದ ಬರುತ್ತವೆ. ಮಗ ಎಲ್ಲಿದ್ದಾನೆ, ಗಂಡನ ಮೂಳೆಯಾದರೂ ಸಿಗುತ್ತದೆಯೇ ಎಂದು ಕೇಳುವ ಕಾಗದಗಳು. ಓದಿದ ದಿನ ಊಟ ಸೇರುವುದಿಲ್ಲ. ಕಾಯಿದೆ ತನ್ನ ದಾರಿಯಲ್ಲಿ ನಡೆಯುತ್ತದೆ. ತಪ್ಪು ಮಾಡದವರಿಗೆ ಹೆದರಿಕೆ ಬೇಡ.

ನಿನ್ನ ವಿಷಯ ಹೇಳುತ್ತೇನೆ. ಇಲ್ಲಿಗೆ ಬಾ. ವಯಸ್ಕರಿಗಾಗಿ ಮೆಟ್ರಿಕ್ ತರಗತಿ ಶುರುವಾಗಿದೆ, ಎಲ್ಲ ಪಾಠವೂ ಬಾಂಗ್ಲಾ ಭಾಷೆಯಲ್ಲಿ. ನನ್ನ ಕೋಣೆಯಲ್ಲಿ ಇನ್ನೊಂದು ಮಂಚಕ್ಕೆ ಜಾಗವಿದೆ. ಈ ದೇಶದ ಸಂವಿಧಾನ ಬಾಂಗ್ಲಾದಲ್ಲಿ ಬರೆಯಲ್ಪಡಲಿದೆ. ಈಗಲೇ ಒಂದೊಂದು ಶಬ್ದಕ್ಕೂ ನಾವು ಗಂಟೆಗಟ್ಟಲೆ ಜಗಳವಾಡುತ್ತೇವೆ. ಇಪ್ಪತ್ತೈದು ವರ್ಷ ಇದಕ್ಕಾಗಿಯೇ ಬದುಕಿದೆ. ನೀನು ನೋಡಬೇಕು.

ಚಳಿ ಹೋಗಿಲ್ಲ, ಎದೆಗೆ ಬಟ್ಟೆ ಸುತ್ತಿಕೋ.

ನಿನ್ನ ಬಾಬಾ


ಸೈಯದ್‌ಪುರ
೨ ಏಪ್ರಿಲ್ ೧೯೭೨

ಬಾಬಾ,

ಅರ್ಜಿ ತಲುಪಿಲ್ಲ ಅಂದ್ರಿ. ತಲುಪಿದೆ. ವಾಪಸ್ ಕೂಡ ಬಂದಿದೆ. ಹೋದ ಸೋಮವಾರ ಅಂಚೆಯವನು ಕ್ಯಾಂಪಿಗೆ ತಂದು ಚಾಚಿ ಕೈಗೆ ಕೊಟ್ಟ. ಉಸ್ತಾದರು ಉರ್ದುವಿನಲ್ಲಿ ಬರೆದ ಅರ್ಜಿ ಹಾಗೇ ಇದೆ, ಅದರ ಮೇಲೆ ನೇರಳೆ ಬಣ್ಣದ ಗುಂಡು ಮೊಹರು. ನಡುವೆ ನಿಮ್ಮ ಹೆಸರು. ಸುತ್ತ ‘ಬಾಂಗ್ಲಾದಲ್ಲಿ ಬರೆದು ಸಲ್ಲಿಸಿ.’

ಚಾಚಿಗೆ ಓದೋಕೆ ಬರಲ್ಲ. ಯಾವ ಅಕ್ಷರವೂ ಬರಲ್ಲ. ಎರಡು ತಿಂಗಳಿಂದ ಎಲ್ಲರೂ ಅವಳಿಗೆ ಹೇಳ್ತಿದ್ದದ್ದು ಒಂದೇ: ‘ಮಾಸ್ಟರ್ ಮೊಹರು ಬಿದ್ರೆ ಮುಗೀತು, ಮುಸ್ತಕೀಂ ಮಿಯಾ ಹೊರಗೆ.’ ಮೊಹರು ಬಿದ್ದಿತ್ತು. ನಾನು ಪಾಳಿಯಲ್ಲಿದ್ದೆ. ಕೇಳೋಕೆ ಯಾರೂ ಇರಲಿಲ್ಲ, ಕೇಳಬೇಕು ಅಂತ ಅವಳಿಗೆ ಅನಿಸಲೂ ಇಲ್ಲ. ಪಕ್ಕದವರ ಹತ್ರ ಸಕ್ಕರೆ ಕಡ ತಂದು ಶಾವಿಗೆ ಪಾಯಸ ಮಾಡಿದಳು. ತಂಬಿಗೆಯಲ್ಲಿ ಕೆಂಡ ತುಂಬಿ ಉಸ್ತಾದರ ಬಿಳಿ ಅಂಗಿಗೆ ಇಸ್ತ್ರಿ ಮಾಡಿದಳು. ಇಬ್ಬರು ಹೆಂಗಸರನ್ನ ಕರ್ಕೊಂಡು ಜೈಲಿನ ಬಾಗಿಲಿಗೆ ಹೋದಳು.

ಅಲ್ಲಿ ನಡೆದದ್ದನ್ನ ಜೊತೆಗಿದ್ದವಳು ನನಗೆ ಹೇಳಿದಳು. ನೀವೂ ಕೇಳಿ.

‘ಏನಜ್ಜಿ, ದಿಬ್ಬಣ ಎಲ್ಲಿಗೆ ಹೊರಟಿದೆ?’ ಅಂದ ಕಾವಲಿನವನು.

‘ನಮ್ಮೋರನ್ನ ಕರ್ಕೊಂಡು ಹೋಗೋಕೆ ಬಂದೆ ಮಗಾ. ಹುಕುಂ ಬಂದಿದೆ.’

‘ಹುಕುಮ್ಮಾ? ಎಲ್ಲಿ ತೋರಿಸು.’ ಓದಿ, ಇನ್ನೊಬ್ಬನಿಗೆ ಕೊಟ್ಟ. ಆತ ಜೋರಾಗಿ ಓದಿದ. ಬಾಗಿಲಲ್ಲಿದ್ದವರೆಲ್ಲ ನಕ್ಕರು. ‘ಇದು ಬಿಡುಗಡೆ ಅಲ್ಲಜ್ಜಿ, ಬಿಸಾಕಿದ್ದು!’

‘ಮೊಹರು ಇದೆಯಲ್ಲಪ್ಪ?’

‘ಇದೆ. ಬೇಡ ಅನ್ನೋಕೂ ಮೊಹರೇ ಹಾಕ್ತಾರೆ.’

ಅವಳು ಅಲ್ಲೇ ನಿಂತಿದ್ದಳಂತೆ, ಇನ್ನೊಂದು ಸಲ ನೋಡು, ಸರಿಯಾಗಿ ನೋಡು ಅಂತ. ಕೊನೆಗೆ ವಯಸ್ಸಾದ ಕಾವಲಿನವನೊಬ್ಬ ಎದ್ದು ಬಂದು, ‘ತಾ ತಾಯಿ, ಹಸಿವಾಗಿದೆ’ ಅಂತ ನೆಲದ ಮೇಲೆ ಕೂತು ಪಾಯಸ ತಿಂದ. ಪೂರ್ತಿ ತಿಂದ. ಹೊತ್ಕೊಂಡು ವಾಪಸ್ ಹೋಗೋ ಹಾಗೆ ಆಗಬಾರದು ಅಂತ.

ಅಷ್ಟರಲ್ಲಿ ಒಳಗೆ ಯಾರೋ ಉಸ್ತಾದರಿಗೆ ಸುದ್ದಿ ಮುಟ್ಟಿಸಿದ್ರು, ನಿಮ್ಮ ಹೆಂಗಸು ಅಂಗಿ ತಂದಿದಾಳೆ ಅಂತ. ಉಸ್ತಾದ್ ಕಂಬಳಿ ಮಡಿಸಿಟ್ಟು, ಸಾಬೂನು ಚೂರನ್ನ ಪಕ್ಕದ ಹುಡುಗನಿಗೆ ಕೊಟ್ಟು, ಎಲ್ಲರಿಗೂ ಸಲಾಂ ಹೇಳಿ ಕಂಬಿ ಹಿಡ್ಕೊಂಡು ನಿಂತಿದ್ರಂತೆ. ಸಂಜೆವರೆಗೂ.

ಬಾಂಗ್ಲಾದಲ್ಲಿ ನಾನು ಬರೆದುಕೊಡ್ತೀನಿ ಅಂತ ಆಗಲೇ ಹೇಳಿದ್ದೆ. ‘ಬೇಡ, ಮಾಸ್ಟರ್‌ಗೆ ನನ್ನ ಕೈಬರಹ ಗೊತ್ತು’ ಅಂದಿದ್ರು. ಅದು ಯಾಕೆ ಅಂತ ನನಗೆ ಈಗ ಗೊತ್ತಾಯ್ತು. ಅರ್ಜಿನ ಚಾಚಿ ಹತ್ರ ಇಸ್ಕೊಂಡು ಪೂರ್ತಿ ಓದಿದೆ. ಉರ್ದು ಓದೋದು ಅವರೇ ಕಲಿಸಿದ್ರಲ್ಲ. ಕೆಳಗೆ ಬಾಂಗ್ಲಾದಲ್ಲಿ ಇಳಿಸಿದೀನಿ. ಕಾಗುಣಿತ ಎಣಿಸಬೇಡಿ.

‘ಮಾಸ್ಟರ್ ಸಾಹೇಬರಿಗೆ ಮುಸ್ತಕೀಂ ಲೇತ್‌ವಾಲಾನ ಸಲಾಂ. ಹತ್ತು ವರ್ಷದ ಹಿಂದೆ ನಿಮ್ಮ ಬೇಗಂ ತೀರಿಕೊಂಡಾಗ ನೀವು ಜೈಲಿನಿಂದ ನನಗೊಂದು ಕಾಗದ ಬರೆದಿರಿ, ನನ್ನ ಮಗನನ್ನು ನೋಡಿಕೊಳ್ಳಿ ಎಂದು. ನನಗೆ ಬಾಂಗ್ಲಾ ಅಕ್ಷರ ಬಾರದು ಎಂದು ತಿಳಿದು ಉರ್ದುವಿನಲ್ಲಿ ಬರೆದಿರಿ. ಅದನ್ನು ಬರೆಯಲು ನಿಮಗೆಷ್ಟು ಕಷ್ಟವಾಗಿರಬೇಕು ಎಂದು ನಾನೂ ನನ್ನ ಹೆಂಡತಿಯೂ ಮಾತಾಡಿಕೊಂಡೆವು. ಹುಡುಗನನ್ನು ನೋಡಿಕೊಂಡೆ. ಈಗ ನಾನು ಒಳಗಿದ್ದೇನೆ, ನೀವು ಹೊರಗಿದ್ದೀರಿ. ಯಾರ ಮನೆಯನ್ನೂ ನಾನು ಯಾರಿಗೂ ತೋರಿಸಿಲ್ಲ. ನನ್ನದು ಒಂದೇ ಬೇಡಿಕೆ. ನನ್ನ ಹೆಂಡತಿ ಕ್ಯಾಂಪಿನಲ್ಲಿ ಒಬ್ಬಳೇ ಇದ್ದಾಳೆ. ನನ್ನ ಅಕ್ಷರವನ್ನು ನೀವು ಓದಬಲ್ಲಿರಿ, ಅದಕ್ಕೇ ಬೇರೆಯವರ ಕೈಲಿ ಬರೆಸಲಿಲ್ಲ.’

ಈಗ ಬಾಂಗ್ಲಾದಲ್ಲಿದೆ. ಈಗ ಓದಿ.

ಬಾದಲ್


ಢಾಕಾ
ಜ್ಯೈಷ್ಠ ೧೩೭೯ / ೨೮ ಮೇ ೧೯೭೨

ಚಿರಂಜೀವಿ ಬಾದಲ್‌ಗೆ ದುವಾ.

ಉತ್ತರ ತಡವಾಯಿತು. ಅಧಿವೇಶನ, ಪ್ರವಾಸ, ಜೊತೆಗೆ ಹೊಟ್ಟೆನೋವು. ಜೈಲಿನ ಹಳೆಯ ಹೊಟ್ಟೆ, ನಿನಗೆ ಗೊತ್ತೇ ಇದೆ.

ಕನೀಜ್ ಬೇಗಂ ಅವರಿಗೆ ಆದದ್ದು ಆಗಬಾರದಿತ್ತು. ನನ್ನ ಕಾರ್ಯದರ್ಶಿ ರಾಶಿಯಲ್ಲಿ ಅದನ್ನೂ ಸೇರಿಸಿ ಹಿಂತಿರುಗಿಸಿರಬೇಕು. ಆದರೆ ನಿಯಮ ನನ್ನದೇ, ಅದಕ್ಕೆ ನಾನು ನಾಚುವುದಿಲ್ಲ. ನಿನ್ನ ಅಜ್ಜ ತನಗೆ ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡ. ಕಚೇರಿಯ ಮೆಟ್ಟಿಲ ಮೇಲೆ ಕುಳಿತು, ಇದರಲ್ಲಿ ಏನು ಬರೆದಿದೆ ಎಂದು ಹೋಗಿಬರುವವರನ್ನೆಲ್ಲ ಕೇಳುತ್ತಿದ್ದ. ನಾನು ಪಕ್ಕದಲ್ಲಿ ನಿಂತಿದ್ದೆ, ಏಳು ವರ್ಷದವನು. ನನ್ನ ಮೇಜಿಗೆ ಬರುವ ಪ್ರತಿಯೊಂದು ಕಾಗದವೂ ನಮ್ಮ ಜನ ಓದಬಲ್ಲ ಭಾಷೆಯಲ್ಲಿರಬೇಕು ಎಂಬುದು ಆ ಮೆಟ್ಟಿಲ ಮೇಲೆ ಹುಟ್ಟಿದ ಮಾತು.

ಸಹಿಯ ವಿಷಯ. ಪೋಸ್ಟ್‌ಮ್ಯಾನ್ ಅಜಹರ್‌ನ ಹೆಂಡತಿ ಜೊಹುರಾ ನಿನಗೆ ಗೊತ್ತು. ಹೋದ ವರ್ಷ ಅವಳ ಗಂಡ, ಇಬ್ಬರು ಗಂಡುಮಕ್ಕಳು ಮೂವರನ್ನೂ ಬಿಹಾರಿಗಳ ಗುಂಪು ಒಂದೇ ದಿನ ಕೊಂದಿತು. ಫೆಬ್ರವರಿಯಲ್ಲಿ ಊರಿಗೆ ಬಂದಾಗ ನನ್ನ ಕಾಲು ಹಿಡಿದುಕೊಂಡಳು: ‘ಮಾಸ್ಟರೇ, ಅವರಲ್ಲಿ ಒಬ್ಬನನ್ನೂ ನೀವು ಬಿಡಿಸಲ್ಲ ಅಂತ ಹೇಳಿ.’ ಹೇಳಿದೆ. ಹೇಳದೆ ಹೇಗಿರಲಿ? ಮುಸ್ತಕೀಂ ಮಿಯಾ ಅವರಲ್ಲಿ ಒಬ್ಬರಲ್ಲ ಎಂದು ನನಗೆ ಗೊತ್ತು. ಜೊಹುರಾಳಿಗೆ ಅದನ್ನು ಯಾವ ಬಾಯಲ್ಲಿ ಹೇಳಲಿ?

ಚಳಿಗಾಲದವರೆಗೆ ತಾಳು. ಜನರ ಗಾಯ ಸ್ವಲ್ಪ ಒಣಗಲಿ.

ಮೆಟ್ರಿಕ್ ತರಗತಿಯ ಬಗ್ಗೆ ನೀನು ಏನೂ ಬರೆದಿಲ್ಲ.

ನಿನ್ನ ಬಾಬಾ


ಸೈಯದ್‌ಪುರ
೯ ಜುಲೈ ೧೯೭೨

ಬಾಬಾ,

ಈ ಸಲ ಬೈಯಲ್ಲ. ಪಕ್ಕದ ಸ್ಕೂಲಿನ ಹುಡುಗಿ ಹತ್ರ ಕಾಗುಣಿತ ತಿದ್ದಿಸಿದೀನಿ.

ಜೈಲಿನಿಂದ ನೀವು ಉಸ್ತಾದರಿಗೆ ಉರ್ದುವಿನಲ್ಲಿ ಬರೆದ ಕಾಗದದ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ಇರಲಿ. ಜೊಹುರಾ ಚಾಚಿ ಹತ್ರ ನಾನೇ ಹೋದೆ. ನಿಮ್ಮ ಕಾಗದ ಓದಿದ ಮೇಲೆ ಮಲಗೋಕೆ ಆಗಲಿಲ್ಲ. ಅವಳು ಅಂಗಳದಲ್ಲಿ ಸೌದೆ ಒಡೀತಿದ್ದಳು. ಉಸ್ತಾದರ ಹೆಸರು ಹೇಳಿದ ತಕ್ಷಣ ಕೊಡಲಿ ಎತ್ತಿದಳು. ‘ಹೋಗೋ, ಬಿಹಾರಿ ಅನ್ನ ತಿಂದವನೇ!’ ಅಂದಳು. ನಾನು ಕೂತೇ ಇದ್ದೆ. ಸೌದೆ ಒಡೆದುಕೊಟ್ಟೆ. ಮೂರು ದಿನ ಹೋದೆ. ಮೂರನೇ ದಿನ ಅಂದಳು: ‘ಲೇತಿನ ಮುದುಕ ತಾನೆ? ನನ್ನ ದೊಡ್ಡ ಮಗನ ಸೈಕಲ್ಲಿಗೆ ಬೋಲ್ಟು ಕೂರಿಸಿಕೊಟ್ಟಿದ್ದ. ಅವನಲ್ಲ ಮಾಡಿದ್ದು. ಅವನನ್ನ ಬಿಡ್ಲಿ ಅಂತಾನೂ ನಾನು ಹೇಳಲ್ಲ. ಹೇಳೋಕೆ ನನ್ನ ನಾಲಿಗೆ ಏಳಲ್ಲ. ಆದ್ರೆ ನಿಮ್ಮಪ್ಪ ಬಿಡಿಸಿದ್ರೆ ಯಾಕೆ ಅಂತ ನಾನು ಕೇಳಲ್ಲ ಕಣೋ.’

ಇಷ್ಟು ಸಾಕಲ್ವಾ ಬಾಬಾ? ಅವಳು ಕೇಳಲ್ಲ ಅಂದಿದಾಳೆ.

ಉಸ್ತಾದರ ಕೆಮ್ಮಿನಲ್ಲಿ ರಕ್ತ ಬರ್ತಿದೆ. ಜೈಲಿನ ಡಾಕ್ಟರು, ದೊಡ್ಡಾಸ್ಪತ್ರೆಗೆ ಸಾಗಿಸಬೇಕು ಅಂತಾರೆ. ದ್ರೋಹದ ಕೇಸಿನವರನ್ನ ಸಾಗಿಸೋಕೆ ದೊಡ್ಡವರ ಕಾಗದ ಬೇಕಂತೆ. ಬಿಡುಗಡೆ ಬೇಡ, ಆಮೇಲೆ ನೋಡೋಣ. ಆಸ್ಪತ್ರೆಗೆ ಅಂತ ಬರೆದುಕೊಡಿ. ನಿಮ್ಮ ಕಾಲು ಹಿಡ್ಕೋತೀನಿ. ಮೆಟ್ರಿಕ್‌ಗೆ ಬರ್ತೀನಿ. ಮಂಚ ಹಾಕಿಸಿ, ಬರ್ತೀನಿ.

ಬಾದಲ್


ಸೈಯದ್‌ಪುರ
೩೦ ಜುಲೈ ೧೯೭೨

ಬಾಬಾ,

ದಿನಾ ಅಂಚೆಯವನ ದಾರಿ ಕಾಯ್ತಿದೀನಿ. ಅವನೇ ಈಗ ದೂರದಿಂದ ಕೈ ಆಡಿಸ್ತಾನೆ, ಇಲ್ಲ ಅಂತ.

ನಿನ್ನೆ ನೋಡೋಕೆ ಬಿಟ್ರು. ಉಸ್ತಾದ್ ಕಂಬಿಗೆ ಒರಗಿ ಕೂತಿದ್ರು. ‘ನಿಮ್ಮಪ್ಪನಿಗೆ ತುಂಬಾ ಕೆಲಸ ಇರುತ್ತೆ, ಪೀಡಿಸಬೇಡ. ಹೊಸ ದೇಶ ಅಂದ್ರೆ ಹೊಸ ಲೇತ್ ಇದ್ದ ಹಾಗೆ, ಮೊದಲ ವರ್ಷ ಎಲ್ಲಾ ಓರೆಕೋರೆ ಬರುತ್ತೆ’ ಅಂದ್ರು. ನಗೋಕೆ ಹೋದ್ರು, ಆಗಲಿಲ್ಲ.

ಬೇಗ ಮಾಡಿ.

ಬಾದಲ್


ಢಾಕಾ
ಭಾದ್ರ ೧೩೭೯ / ೩ ಸೆಪ್ಟೆಂಬರ್ ೧೯೭೨

ಚಿರಂಜೀವಿ ಬಾದಲ್‌ಗೆ ದುವಾ.

ನಿನ್ನ ಎರಡೂ ಕಾಗದಗಳನ್ನು ಮೊನ್ನೆ ಒಟ್ಟಿಗೆ ಓದಿದೆ. ಏಳೆಂಟು ವಾರ ಆಸ್ಪತ್ರೆಯಲ್ಲಿದ್ದೆ, ಹೊಟ್ಟೆ ಕೊಯ್ದರು. ನೀನು ಹೆದರುತ್ತೀಯೆಂದು ಬರೆಯಿಸಲಿಲ್ಲ. ಅಂಚೆಯೆಲ್ಲ ಹಾಸ್ಟೆಲಿನಲ್ಲೇ ಬಿದ್ದಿತ್ತು.

ಇದರೊಂದಿಗೆ ಪ್ರಮಾಣಪತ್ರವಿದೆ. ಆಸ್ಪತ್ರೆಗೆಂದು ಅಲ್ಲ, ಬಿಡುಗಡೆಗೆಂದೇ ಬರೆದಿದ್ದೇನೆ. ಮೂರು ಸಲ ಬರೆದು ಹರಿದೆ, ಇದು ನಾಲ್ಕನೆಯದು. ‘ಮುಸ್ತಕೀಂ ಅನ್ಸಾರಿ ಎಂಬುವವರು ಇಪ್ಪತ್ತೈದು ವರ್ಷಗಳಿಂದ ಈ ಊರಿನವರು. ನನ್ನ ಸೆರೆವಾಸದಲ್ಲಿ ನನ್ನ ಮಗನನ್ನು ಸಾಕಿದರು. ಕಳೆದ ವರ್ಷ ತಮ್ಮ ಜೀವವನ್ನು ಪಣಕ್ಕಿಟ್ಟು ಅವನ ಜೀವವನ್ನು ಉಳಿಸಿದರು. ಇವರ ಮೇಲಿನ ಆರೋಪವನ್ನು ನಾನು ನಂಬುವುದಿಲ್ಲ. ಇವರ ಪರವಾಗಿ ನ್ಯಾಯಾಲಯದಲ್ಲಿ ನಿಲ್ಲಲು ನಾನು ಸಿದ್ಧ.’ ಕೆಳಗೆ ಸಹಿ, ಮೊಹರು.

ತಡಮಾಡದೆ ಠಾಣೆಗೆ ಕೊಡು. ಜೊಹುರಾಳಿಗೆ ನಾನೇ ಬೇರೆ ಕಾಗದ ಬರೆಯುತ್ತೇನೆ.

ಮಂಚ ಹಾಕಿಸಿದ್ದೇನೆ.

ನಿನ್ನ ಬಾಬಾ


ಢಾಕಾ
ಕಾರ್ತಿಕ ೧೩೭೯ / ೨೨ ಅಕ್ಟೋಬರ್ ೧೯೭೨

ಚಿರಂಜೀವಿ ಬಾದಲ್‌ಗೆ ದುವಾ.

ಏಳು ವಾರವಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಮುಸ್ತಕೀಂ ಮಿಯಾ ಹೊರಗೆ ಬಂದ ಸಂಭ್ರಮದಲ್ಲಿ ಅಪ್ಪನನ್ನು ಮರೆತೆಯೆಂದುಕೊಂಡು ನಗುತ್ತೇನೆ. ಬೈಯುವುದಕ್ಕಾದರೂ ಬರೆ.

ಅವರು ಮನೆ ಸೇರಿದ್ದಾರೆ ಎಂಬ ಧೈರ್ಯದಿಂದ ಒಂದು ವಿಷಯ ಹೇಳುತ್ತೇನೆ. ಹೇಳದೆ ಇದ್ದರೆ ನನ್ನ ಹೊಟ್ಟೆಯ ಹೊಲಿಗೆ ಕೂಡುವುದಿಲ್ಲ.

ಅರ್ಜಿ ತಲುಪಿಲ್ಲ ಎಂದು ಬರೆದದ್ದು ಸುಳ್ಳು. ಕಾರ್ಯದರ್ಶಿಯ ಮೇಲೆ ಹಾಕಿದ್ದೂ ಸುಳ್ಳು. ಅದು ನನ್ನ ಕೈಗೇ ಬಂತು. ಕಾರ್ಯದರ್ಶಿ ಎದುರಿಗಿದ್ದ, ಹೊಸ ಹುಡುಗ, ಯುದ್ಧದಲ್ಲಿ ಅಣ್ಣನನ್ನು ಕಳೆದುಕೊಂಡವನು. ‘ಸರ್, ಈ ಲಿಪಿ ಇಲ್ಲಿ ಯಾರು ಓದ್ತಾರೆ?’ ಎಂದು ನಕ್ಕ. ನಾನು ಓದುತ್ತೇನೆ ಎನ್ನಬೇಕಿತ್ತು. ಹನ್ನೆರಡು ವರ್ಷದವರೆಗೆ ಮದರಸಾದಲ್ಲಿ ಕಲಿತದ್ದು, ಕಣ್ಣು ಅದನ್ನು ಮರೆತಿಲ್ಲ. ಅವನು ನಗುತ್ತಿರುವಾಗಲೇ ನಾನು ಮೊದಲಿನಿಂದ ಕೊನೆಯವರೆಗೆ ಓದಿದೆ. ನನ್ನ ಹಳೆಯ ಕಾಗದದ ಮಾತು ಬಂದಾಗ ಮೈ ಬಿಸಿಯಾಯಿತು. ಭಾಷೆಗಾಗಿ ಜೈಲಿನಲ್ಲಿದ್ದ ತಸದ್ದುಕ್ ಮಾಸ್ಟರ್ ಜೈಲಿನಿಂದಲೇ ಉರ್ದುವಿನಲ್ಲಿ ಅಂಗಲಾಚಿದ್ದ ಎಂದು ಈ ಹುಡುಗನಿಗೆ ತಿಳಿದರೆ ಎಂದುಕೊಂಡೆ. ‘ಯಾರೂ ಓದಲ್ಲ, ಮೊಹರು ಹಾಕು’ ಎಂದೆ.

ನಿನ್ನ ಕೆನ್ನೆಗೆ ಹೊಡೆದದ್ದೂ ಅದಕ್ಕೇ ಇರಬೇಕು. ನಿನ್ನನ್ನು ಆ ಮನೆಗೆ ಕಳಿಸಿದ್ದು ನನ್ನದೇ ಕೈಬರಹ.

ಇದನ್ನು ಅವರಿಗೆ ಎದುರಿಗೆ ಹೇಳಿ ಕ್ಷಮೆ ಕೇಳಬೇಕು. ನವೆಂಬರ್ ನಾಲ್ಕಕ್ಕೆ ಸಂವಿಧಾನ ಅಂಗೀಕಾರವಾಗುತ್ತದೆ. ಪ್ರೇಕ್ಷಕರ ಗ್ಯಾಲರಿಗೆ ಎರಡು ಪಾಸು ಇಟ್ಟಿದ್ದೇನೆ. ಇಬ್ಬರೂ ಬನ್ನಿ. ಮಂಚ ಎರಡೇ ಇವೆ, ನಾನು ನೆಲದ ಮೇಲೆ ಮಲಗುತ್ತೇನೆ.

ನಿನ್ನ ಬಾಬಾ


ಢಾಕಾ, ನಿಮ್ಮ ಮೇಜು
೫ ನವೆಂಬರ್ ೧೯೭೨, ಬೆಳಗ್ಗೆ

ಬಾಬಾ,

ನೀವು ಸ್ನಾನ ಮಾಡ್ತಿದೀರಿ. ನಲ್ಲಿ ಶಬ್ದ ಕೇಳ್ತಿದೆ. ನಿಮ್ಮ ಕಾಗದದಲ್ಲೇ ಬರೀತಿದೀನಿ, ಮೇಲೆ ನಿಮ್ಮ ಹೆಸರು ಅಚ್ಚಾಗಿದೆ.

ನಿನ್ನೆ ಗ್ಯಾಲರಿಯಿಂದ ನೋಡಿದೆ. ಎಲ್ಲರೂ ಮೇಜು ಕುಟ್ಟಿದ್ರು, ನೀವು ಅತ್ರಿ. ಹೊರಗೆ ಬಂದಾಗ ಕೊರಳಲ್ಲಿ ಹಾರ. ನನ್ನನ್ನ ತಬ್ಬಿಕೊಂಡು ಮೊದಲು ಕೇಳಿದ್ದು, ‘ಎಲ್ಲಿ ಅವರು? ಹಿಂದೆ ಬರ್ತಿದಾರಾ?’ ಅಂತ. ನಾನು ಬಾಯಿ ತೆಗೆಯೋಷ್ಟರಲ್ಲಿ ಯಾರೋ ನಿಮ್ಮನ್ನ ಎಳ್ಕೊಂಡು ಹೋದ್ರು. ನೀವು ವಾಪಸ್ ಬಂದಾಗ ನಾನು ನಿದ್ದೆ ಬಂದವನ ಹಾಗೆ ಮಲಗಿದ್ದೆ. ನೀವು ಹೇಳಿದ ಹಾಗೇ ನೆಲದ ಮೇಲೆ ಮಲಗಿದ್ರಿ. ಇನ್ನೊಂದು ಮಂಚವನ್ನ ಉಸ್ತಾದರಿಗೆ ಅಂತ ಹಾಸಿಟ್ಟಿದ್ರಿ.

ಉಸ್ತಾದ್ ಆಗಸ್ಟ್ ಹದಿನೇಳಕ್ಕೆ ತೀರ್ಕೊಂಡ್ರು. ಗುರುವಾರ. ಮಳೆ ಹಿಡಿದಿತ್ತು. ನೀವು ಆಗ ಆಸ್ಪತ್ರೆಯಲ್ಲಿ ಮಲಗಿದ್ರಿ, ನನಗೆ ಗೊತ್ತಿರಲಿಲ್ಲ. ಗೊತ್ತಿದ್ರೆ ನಿಮಗೋಸ್ಕರನೂ ದುವಾ ಮಾಡ್ತಿದ್ನೋ ಏನೋ.

ಹೆಣ ಕೊಡೋಕೆ ಜೈಲಿನವರು ಒಂದು ಫಾರಂ ಕೊಟ್ರು. ಬಾಂಗ್ಲಾದಲ್ಲಿತ್ತು. ಚಾಚಿ ಹೆಬ್ಬೆಟ್ಟು ಒತ್ತಿದಳು, ಮಿಕ್ಕಿದ್ದು ನಾನು ತುಂಬಿದೆ. ‘ತೀರಿಕೊಂಡವರಿಗೆ ಸಂಬಂಧ’ ಅಂತ ಒಂದು ಜಾಗ ಇತ್ತು. ‘ಮಗ’ ಅಂತ ಬರೆದೆ. ಗುಮಾಸ್ತ ನನ್ನನ್ನೇ ನೋಡಿದ, ‘ನೀನು ತಸದ್ದುಕ್ ಮಾಸ್ಟರ್ ಮಗ ಅಲ್ವೇನೋ?’ ಅಂದ. ಸುಮ್ನೆ ಮೊಹರು ಹಾಕು ಅಂದೆ. ಹಾಕಿದ.

ನಿಮ್ಮ ಪ್ರಮಾಣಪತ್ರ ಸೆಪ್ಟೆಂಬರ್ ಆರಕ್ಕೆ ಬಂತು. ಚಾಚಿ, ‘ಓದು’ ಅಂದಳು. ಓದಿ, ಉರ್ದುವಿನಲ್ಲಿ ಹೇಳಿದೆ. ‘ಎಷ್ಟು ಚೆಂದ ಬರೆದಿದಾರೆ ಮಾಸ್ಟರು’ ಅಂದಳು. ವ್ಯಂಗ್ಯ ಅಲ್ಲ, ಅವಳಿಗೆ ಅದು ಬರಲ್ಲ. ಆಮೇಲೆ ಕೇಳಿದಳು, ‘ಈಗ ಇದನ್ನ ಯಾರಿಗೆ ಕೊಡಬೇಕು ಮಗಾ?’

ನಾನು ಯಾಕೆ ಬರೆಯಲಿಲ್ಲ ಅಂದ್ರೆ, ನೀವೂ ಕಾಯಲಿ ಅಂತ. ನಾವು ಕಾದ ಹಾಗೆ. ಅಷ್ಟೇ, ಬೇರೇನಿಲ್ಲ. ಕೆಟ್ಟದ್ದು ಅಂತ ಗೊತ್ತು.

ನಿಮ್ಮ ಅಕ್ಟೋಬರ್ ಕಾಗದ ಓದಿದ ಮೇಲೆ ನಿಮ್ಮನ್ನ ಹೊಡೆಯೋಕೇ ರೈಲು ಹತ್ತಿದೆ. ನಿಜವಾಗ್ಲೂ. ನಿನ್ನೆ ನೀವು ಮಗುವಿನ ಹಾಗೆ ಅಳೋದು ನೋಡಿ ಕೈ ಏಳಲಿಲ್ಲ. ಅದಕ್ಕೂ ನಿಮ್ಮ ಮೇಲೇ ಕೋಪ. ನೀವು ಕೆಟ್ಟವರಾಗಿದ್ರೆ ಸುಲಭ ಇತ್ತು. ಓದಿ, ಅರ್ಥ ಮಾಡ್ಕೊಂಡು, ಮೊಹರು ಹಾಕಿಸಿದ್ರಿ. ಒಬ್ಬ ಹುಡುಗನ ಮುಂದೆ ನಾಚಿಕೆ ಆಯ್ತು ಅಂತ.

ಕ್ಯಾಂಪಲ್ಲಿ ರೆಡ್ ಕ್ರಾಸಿನವರು ಪಟ್ಟಿ ಬರೀತಿದಾರೆ, ಯಾರು ಇಲ್ಲಿರ್ತಾರೆ, ಯಾರು ಪಾಕಿಸ್ತಾನಕ್ಕೆ ಹೋಗ್ತಾರೆ ಅಂತ. ಚಾಚಿಯ ತಮ್ಮ ಕರಾಚಿಯಲ್ಲಿದಾನೆ. ಒಬ್ಬಳೇ ಹೋಗೋಕೆ ಹೆದರ್ತಾಳೆ. ಅವಳ ಹೆಸರಿನ ಕೆಳಗೆ ನನ್ನ ಹೆಸರು ಬರೆಸಿದೀನಿ. ಬಾದಲ್ ಅನ್ಸಾರಿ. ಮಾತೃಭಾಷೆ ಕೇಳಿದ್ರು. ಉರ್ದು ಅಂದೆ. ಹೋದ ವರ್ಷ ನನ್ನ ಗೆಳೆಯರನ್ನ ಕೊಂದ ದೇಶ ಅದು, ನನಗೇನು ಪ್ರೀತಿ ಇಲ್ಲ. ಅವರು ಕರೆಯೋವರೆಗೆ ಕ್ಯಾಂಪಲ್ಲೇ ಇರ್ತೀನಿ. ಅಲ್ಲಿಗೆ ಕಾಗದ ಹಾಕಬೇಡಿ, ಯಾವ ಭಾಷೆಯಲ್ಲೂ ಬೇಡ.

ನಲ್ಲಿ ನಿಂತಿತು. ‘ಬಾದಲ್, ಟವೆಲ್ ಕೊಡೋ’ ಅಂತಿದೀರಿ. ದನಿ ಖುಷಿಯಾಗಿದೆ. ಎರಡನೇ ಸಲ ಕರೀತಿದೀರಿ.

ಟವೆಲ್ ಕುರ್ಚಿ ಮೇಲಿದೆ. ನೀವೇ ಬಂದು ತಗೊಳ್ಳಿ. ನಾನೀಗ ಏಳ್ತೀನಿ. ಈ ಬಾಗಿಲನ್ನ ಮೆಲ್ಲಗೆ ಮುಚ್ಚಿ ಹೋಗಲ್ಲ, ಬಡಿದೇ ಹೋಗ್ತೀನಿ.